ಏಳು ಕಳೆ

ಬೋರಲಿಂಗಯ್ಯನವರು ಬಿಟ್ಟುಹೋದದ್ದು
ಒಂದು ಸ್ಟೀಲ್ ಲೋಟ, ಕೈ ಮುರಿದ ಕುರ್ಚಿ,
ಮತ್ತು ಪರದೆಯ ಅಂಚು ದಾಟಿ ಹರಿಯುತ್ತಲೇ ಹೋಗುವ
ಒಂದೇ ಒಂದು ಸಾಲು.

ಮಂಡ್ಯದ ಸುತ್ತಿನ ಕಬ್ಬೆಲ್ಲ ಅದರೊಳಗೆ ನುಸುಳಿ ಬರಬೇಕು.
ಕೆ ಅಂದರೆ ಕಬ್ಬೋ ಕೇಜಿಯೋ?
ಟಿ ಅಂದರೆ ತೂಕವೋ, ತರಗೋ, ತಾರೀಕೋ,
ಬರೆಯುವಾಗ ಪಕ್ಕದಲ್ಲಿದ್ದ ಟೀಯೋ?
ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು.
ಈರುಳ್ಳಿಯ ಹಾಗೆ ಸುಲಿದೆ,
ಕಣ್ಣಲ್ಲಿ ನೀರು ಬಂತು, ತಿರುಳು ಸಿಗಲಿಲ್ಲ.

ಮಾತಲ್ಲೂ ಹಾಗೇ ಅಂತೆ ಮನುಷ್ಯ.
ಮಗಳ ಮದುವೆಗೆ ಕರೆದದ್ದು, "ಭಾನುವಾರ. ಬನ್ನಿ."
ಎಲ್ಲಿಗೆ ಅಂತ ಅರ್ಧ ಆಫೀಸು ಆಮೇಲೆ ವಿಚಾರಿಸಿತು.

ಬೈಯಲು ಬಾಯಿ ತೆರೆದವಳು ತಡೆದೆ.
ಅವರ ಕಾಲದ ಯಂತ್ರದೊಳಗೆ ಇದ್ದ ಜಾಗ
ಬೆಂಕಿಪೊಟ್ಟಣದಷ್ಟು.
ಅಕ್ಷರಕ್ಕೆ ಅಕ್ಷರ ಎಣಿಸಿ ತುಂಬಿದವರು.
ಇಪ್ಪತ್ತಾರು ಹಂಗಾಮು, ಒಂದು ರಸೀದಿಯೂ ತಿರುಗಿ ಬಂದಿಲ್ಲ.

ಆದರೂ ಆ ಏಳು?
ಸಾಲಿನ ತುದಿಯಲ್ಲಿ, ಅರ್ಧವಿರಾಮಕ್ಕೆ ಆತುಕೊಂಡು,
ಹೆಸರಿಲ್ಲದ, ಹೇಳಕೇಳುವವರಿಲ್ಲದ ಏಳು.
ಎತ್ತಿನ ಗಾಡಿಯಾದರೆ ಏಳು ಕಳೆ.
ಟ್ರ್ಯಾಕ್ಟರಿಗಿಲ್ಲ. ಲಾರಿಗಿಲ್ಲ.

ಯಾರ ಏಳು ಕೇಜಿ, ಯಾರ ಜೇಬಿಗೆ?
ದಿನಕ್ಕೆ ನೂರು ಗಾಡಿ, ಬೆರಳು ಮಡಚಿ ಗುಣಿಸಿದೆ.
ಸುಳ್ಳು ಹೇಳುವುದಿಲ್ಲ, ಆ ರಾತ್ರಿ
ಅವರ ಲೋಟದಲ್ಲಿ ಟೀ ಕುಡಿಯಲಿಲ್ಲ.
ಕಳೆ ಅಂದಮೇಲೆ ಕೀಳುವುದೇ ಸರಿ ಅಂತ
ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೂ ಆಗಿತ್ತು.

ಕಿಟಕಿಯಾಚೆ ಕಾಕಂಬಿ ವಾಸನೆಯ ಮಂಜು.
ಹೊಳಲಿನ ಚಿಕ್ಕತಮ್ಮಣ್ಣ ಗಾಡಿಯಿಂದ ಗಾಡಿಗೆ
ಮಲಗಿದವರನ್ನು ತಟ್ಟಿ ಎಬ್ಬಿಸುತ್ತಿದ್ದ:
"ಏಳು, ಏಳ್ಲಾ, ಸಾಲು ಮುಂದಕ್ಕೋಯ್ತು."
ನಾನೂ ಎದ್ದು ಹೋಗಿ ಕೇಳಿದೆ.

ನಕ್ಕ. ಗಾಡಿಯಡಿ ಜೋತ ಗೋಣಿ ಜೋಲಿ ತೋರಿಸಿದ.
"ಎತ್ತು ಬಿಚ್ಚಿ ಬರೀ ಗಾಡಿ ತೂಗೋದಲ್ವಾ ಕಣವ್ವ.
ಬರುವಾಗ ಇದ್ರಲ್ಲಿ ಹುಲ್ಲು, ಕಬ್ಬಿನ ಜೊತೇಲಿ ತೂಗ್ತದೆ.
ಇಳಿಸೋಗಂಟ ಕಾಯ್ತೀವಲ್ಲ, ಎತ್ತು ತಿಂದ್ಬುಡ್ತವೆ.
ಬರಿಗಾಡಿ ತೂಗುವಾಗ ಜೋಲಿ ಖಾಲಿ.
ಹುಲ್ಲಿಗೆ ಕಬ್ಬಿನ ರೇಟು ಕೇಳಕ್ಕಾಯ್ತದಾ?
ನಮ್ಮೆದುರ್ಗೇ ಹೊರೆ ತೂಗಿದ್ರು ಬೋರ್ಲಿಂಗಯ್ಯೋರು.
ಏಳು ಬಂತು."

ವಾಪಸ್ಸು ಬಂದು, ಮೊದಲು ಲೋಟ ತೊಳೆದೆ.
ಆಮೇಲೆ ಸಾಲು ಬಿಚ್ಚಿದೆ.
ಒಂದು ನಲವತ್ತಾಯಿತು.
ಒಟ್ಟು ತೂಕ, ಬರಿಗಾಡಿ ತೂಕ, ಕಟ್ಟಿನ ತರಗು,
ಯಾರೂ ಯಾರ ಮೈಮೇಲೂ ಬೀಳದ ಹಾಗೆ
ಸಂತೆಯಲ್ಲಿ ಸೊಪ್ಪಿನ ಕಟ್ಟು ಜೋಡಿಸಿದ ಹಾಗೆ.
ಮತ್ತು ಎಲ್ಲಕ್ಕಿಂತ ಮೇಲೆ, ಒಂದೇ ಜಾಗದಲ್ಲಿ,
ಎತ್ತು_ತಿಂದ_ಹುಲ್ಲು = 7.
ಇಷ್ಟು ಬರೆದಿದ್ದರೆ ಒಬ್ಬ ಮನುಷ್ಯನನ್ನು ನಾನು
ಒಂದು ರಾತ್ರಿ ಕಳ್ಳನೆಂದು ನೆನೆಯುತ್ತಿರಲಿಲ್ಲ.

ಪಿಂಚಣಿ ಕಾಗದಕ್ಕೆ ಬಂದರು ಮುಂದಿನ ವಾರ.
ಹಳೆ ಕುರ್ಚಿಯಲ್ಲೇ ಕೂತು, ಕನ್ನಡಕ ಒರೆಸಿ,
ನಲವತ್ತೂ ಸಾಲು ತುಟಿಯಾಡಿಸುತ್ತ ಓದಿದರು.
"ಉದ್ದ," ಅಂದರು.
ಹುಲ್ಲಿನ ಸಾಲಿಗೆ ಬೆರಳು ಮತ್ತೆ ಮೇಲೆ ಹೋಯಿತು,
ಅಲ್ಲೇ ನಿಂತಿತು, ತುಂಬ ಹೊತ್ತು.
ಮೆಚ್ಚುವರೆಂದು ಕಾದೆ.

"ಹೊರೆ ತೂಗಿದ್ಯಾ?"

ತೂಗಿರಲಿಲ್ಲ.
ಹೆಸರಿಟ್ಟೆ, ತೊಟ್ಟಿಲು ತೂಗಿದೆ, ಹೊರೆ ತೂಗಲಿಲ್ಲ.

ಇಬ್ಬರೂ ಕಟ್ಟೆಗೆ ನಡೆದೆವು.
ಜೋಲಿಯಿಂದ ಹುಲ್ಲು ಎಳೆದು, ಚೀಲದ ತಕ್ಕಡಿಗಿಟ್ಟೆ.
ಈಗಿನ ಎತ್ತು ಸಣ್ಣವು, ಕಾಯುವ ಹೊತ್ತೂ ಕಮ್ಮಿ.
ಐದೂವರೆ.

ಎಡಗಡೆಯದೊಂದು ಎತ್ತು ಕತ್ತು ಚಾಚಿ
ತಕ್ಕಡಿಯಿಂದಲೇ ಒಂದು ಬಾಯಿ ಎಳೆದುಕೊಂಡಿತು.
ಬೋರಲಿಂಗಯ್ಯ ಮುಳ್ಳು ನೋಡಿದರು, ನನ್ನನ್ನು ನೋಡಿದರು.
"ಐದು," ಅಂದರು.